ಯೆಜ್ಡಿಯ ಕಿಕ್ಕು, ಹರಿಗೋಲಿನ ಹುಟ್ಟು

ಸಾಗರದ ಪೇಟೆ ಬಿಟ್ಟು ಆವಿನಹಳ್ಳಿ ಕಡೆಗೆ ಬೈಕ್ ತಿರುಗಿಸಿದರೆ ಮೊದಲು ಸಿಗುವುದು ಅಡಿಕೆ ತೋಟದ ತಂಪು, ಆಮೇಲೆ ಅಕೇಶಿಯಾ ನೆಡುತೋಪಿನ ಒಣಗಾಳಿ. ಅದೂ ಮುಗಿದು ಒಂದು ಇಳಿಜಾರು ಕಳೆಯುತ್ತಿದ್ದಂತೆ ಎದುರಿಗೆ ನೀರು. ಎಡಕ್ಕೂ ನೀರು, ಬಲಕ್ಕೂ ನೀರು, ನಡುನಡುವೆ ಕಾಡು ಹೊತ್ತುಕೊಂಡ ಗುಡ್ಡಗಳು. ಇದು ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಈ ಕಣಿವೆಯ ಊರು, ಗದ್ದೆ, ತೋಟ, ಗುಡಿ ಎಲ್ಲ ಇದರಡಿಗೆ ಹೋದವು. ಜಲಾಶಯ ತನ್ನ ಪೂರ್ಣ ಮಟ್ಟವಾದ 1819 ಅಡಿ ಮುಟ್ಟಿದಾಗ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಇರುತ್ತದೆ. ಮುಳುಗದೆ ಉಳಿದ ಊರುಗಳನ್ನು ಈ ನೀರು ಒಂದರಿಂದ ಒಂದನ್ನು ಬೇರೆ ಮಾಡಿತು. ನೆಂಟರ ಮನೆ ಕಣ್ಣಿಗೆ ಕಾಣುತ್ತಿತ್ತು, ಹೋಗಬೇಕೆಂದರೆ ದೋಣಿ ಬೇಕಿತ್ತು. ದೋಣಿ ಇಳಿದ ಮೇಲೆ ಬಸ್ಸಿರಲಿಲ್ಲ, ಬೈಕ್ ಬೇಕಿತ್ತು.

ಮಲೆನಾಡಿನಲ್ಲಿ ಮನೆ ಮಾಡಿಕೊಂಡು ಬೈಕ್ ಓಡಿಸುತ್ತಾ, ದೋಣಿ ಹುಟ್ಟು ಹಾಕುತ್ತಾ, ಮೀನಿಗೆ ಗಾಳ ಹಾಕುತ್ತಾ ಬದುಕಬೇಕೆಂದು ಪಟ್ಟಣದವರು ಹಂಬಲಿಸುವುದನ್ನು ಕೇಳಿದ್ದೇನೆ. ಒಳ್ಳೆಯ ಹಂಬಲವೇ. ಹಾಗೆ ಬದುಕುವವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಆದರೆ ಇಲ್ಲಿ ಬೈಕಾಗಲಿ ದೋಣಿಯಾಗಲಿ ಮೊದಲು ಬಂದದ್ದು ಮೋಜಿಗಲ್ಲ. ಬೇಕಾಗಿ ಬಂತು, ಕೈಗೆ ಹತ್ತಿತು, ಪ್ರೀತಿ ಆಮೇಲೆ ಬೆಳೆಯಿತು. ಆ ಕ್ರಮವನ್ನು ಕಣ್ಣಾರೆ ನೋಡಬೇಕೆಂದರೆ ಹೊಳೆಬಾಗಿಲಿನಿಂದ ಶುರುಮಾಡಬೇಕು.

ಹೊಳೆಬಾಗಿಲು ಕಡವಿನಲ್ಲಿ ಈಗ ತಲೆಯೆತ್ತಿ ನೋಡುವಂಥ ಸೇತುವೆಯಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯನ್ನು ಜೋಡಿಸುವ, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ, ಕೇಬಲ್‌ಗಳಿಂದ ತೂಗಿದ ಈ ಸೇತುವೆ 2025ರ ಜುಲೈಯಲ್ಲಿ ಸಂಚಾರಕ್ಕೆ ತೆರೆಯಿತು. ತುಮರಿ, ಬ್ಯಾಕೋಡು ಭಾಗದ ಜನ ಇದಕ್ಕಾಗಿ ದಶಕಗಟ್ಟಲೆ ಹೋರಾಡಿದ್ದಾರೆ. ಸೇತುವೆ ಬಂದದ್ದು ನ್ಯಾಯ. ಹೆರಿಗೆ ನೋವು ಬಂದ ಹೆಣ್ಣುಮಗಳನ್ನು ರಾತ್ರಿ ಹೊತ್ತು ಕಡವಿಗೆ ತಂದು ಕಾಯುತ್ತಾ ಕೂತ ಮನೆಯವರ ಪಾಡು ತಿಳಿದ ಯಾರೂ ಬೇರೆ ಮಾತಾಡಲಾರರು.

ಅದಕ್ಕೆ ಮೊದಲು ಇಲ್ಲಿ ಲಾಂಚ್. ಒಳನಾಡು ಜಲಸಾರಿಗೆ ಇಲಾಖೆಯ ಆ ಚಪ್ಪಟೆ ಹಡಗಿನ ಮೇಲೆ ಬಸ್ಸು, ಕಾರು, ಜೀಪು, ದನ, ಸಿಗಂದೂರು ಚೌಡೇಶ್ವರಿಯ ಭಕ್ತರು ಎಲ್ಲರೂ ಒಟ್ಟಿಗೇ ಹೋಗುತ್ತಿದ್ದರು. ಬೈಕಿನವರು ಮಾತ್ರ ಅಲ್ಲಿ ಒಂದು ವಿದ್ಯೆ ಕಲಿತಿರುತ್ತಿದ್ದರು. ದಂಡೆಯ ಕೆಸರಿನಿಂದ ಹಡಗಿನ ಇಳಿಜಾರು ತಗಡಿನ ಮೇಲೆ ಹತ್ತುವಾಗ ಆಕ್ಸಿಲರೇಟರ್ ಏರಿಸಿದರೆ ಹಿಂದಿನ ಚಕ್ರ ಜಾರುತ್ತದೆ. ಮೊದಲನೇ ಗೇರಿನಲ್ಲೇ, ಎರಡೂ ಕಾಲು ಕೆಳಗಿಟ್ಟು, ಮೆಲ್ಲಗೆ ಹತ್ತಬೇಕು. ಹತ್ತಿದ ಮೇಲೆ ಅಂಚಿಗೆ ಒತ್ತಿ ನಿಲ್ಲಿಸಿ, ಗೇರಿನಲ್ಲೇ ಬಿಟ್ಟು, ಮುಂದಿನ ಬ್ರೇಕು ಹಿಡಿದು ನಿಲ್ಲಬೇಕು. ಸೈಡ್ ಸ್ಟ್ಯಾಂಡ್ ನಂಬಿ ಕೈಬಿಡುವಂತಿಲ್ಲ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತು ಹಾಕಬೇಕು, ಇಲ್ಲವೇ ಈಚೆ ದಡದ ಪರಿಚಯದವರ ಮನೆ ಜಗಲಿಯಲ್ಲಿ ಮಲಗಬೇಕು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಹಸಿರುಮಕ್ಕಿ, ಮುಪ್ಪಾನೆ ಕಡವುಗಳಲ್ಲೂ ಇದೇ ಬದುಕು. ಗಡಿಯಾರ ನೋಡಿ ಬೈಕ್ ಓಡಿಸುವ, ನೀರು ನೋಡಿ ಪ್ರಯಾಣ ಗೊತ್ತುಮಾಡುವ ಎರಡು ತಲೆಮಾರು ಇಲ್ಲಿ ಬೆಳೆದದ್ದು ಹೀಗೆ.

ಸೇತುವೆ ದಾಟಿ ತುಮರಿಯ ಕಡೆ ಹೋಗುವ ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಯೆಜ್ಡಿ ನಿಂತಿತ್ತು. ಚಪ್ಪರದಡಿ ಕೊನೆ ಕೊಯ್ದ ಅಡಿಕೆಯ ರಾಶಿ, ಅದರ ಪಕ್ಕ ಮಣೆಮೇಲೆ ಕೂತು ಹೆಂಗಸರು ಸುಲಿಯುತ್ತಿದ್ದಾರೆ. ಆಚೆ ಬದಿಗೆ ಮನೆಯ ಯಜಮಾನರು ಬೈಕಿನ ಪ್ಲಗ್ ಬಿಚ್ಚಿ ಉಪ್ಪುಕಾಗದದಲ್ಲಿ ಕರಿ ಉಜ್ಜುತ್ತಿದ್ದಾರೆ. ನಾನು ನಿಂತು ನೋಡುವುದನ್ನು ಕಂಡು, “ಬನ್ನಿ ಮಾರಾಯ್ರೆ, ಆಸ್ರಿಗೆ ಕುಡಿದು ಹೋಗಿ” ಎಂದರು. ಮಜ್ಜಿಗೆ ಬಂತು. ಆಮೇಲೆ ಅವರು ಪ್ಲಗ್ ಕೂರಿಸಿ, ಎಡಗಡೆಯ ಗೇರ್ ಲಿವರನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರು. ಅದೇ ಲಿವರು ಈಗ ಕಿಕ್ಕರ್. ಒಂದೇ ಒದೆತಕ್ಕೆ ಎಂಜಿನ್ ಎದ್ದಿತು, ಎರಡೂ ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಲಿವರು ತನ್ನ ಜಾಗಕ್ಕೆ ಮರಳಿ ಮತ್ತೆ ಗೇರ್ ಆಯಿತು. ಗೇರು ಬದಲಿಸಲು ಈ ಬೈಕಿಗೆ ಕ್ಲಚ್ ಹಿಡಿಯಲೇಬೇಕೆಂದಿಲ್ಲ; ಲಿವರು ಒತ್ತಿದಾಗ ಕ್ಲಚ್ ತಾನೇ ಬಿಡುತ್ತದೆ. ಬೆನ್ನಿಗೆ ಅಡಿಕೆ ಚೀಲ ಕಟ್ಟಿ, ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಏರು ಹತ್ತುವವನಿಗೆ ಇದಕ್ಕಿಂತ ಉಪಕಾರಿಯಾದ ಏರ್ಪಾಡು ಬೇರೊಂದಿರಲಿಲ್ಲ.

ಈ ಬೈಕ್ ನಮ್ಮದೇ ಮೈಸೂರಿನದು. ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿಯಲ್ಲಿ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಮೊದಲು ಜಾವಾ, ಎಪ್ಪತ್ತರ ದಶಕದಿಂದ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಬೀಗ ಬಿದ್ದು ಇಷ್ಟು ವರ್ಷವಾದರೂ ಮಲೆನಾಡಿನಲ್ಲಿ ಈ ಬೈಕು ಓಡುತ್ತಿರುವುದು ಯಾರ ಕೃಪೆಯಿಂದ? ಸಾಗರ, ಶಿರಸಿ, ತೀರ್ಥಹಳ್ಳಿಯ ಹಳೇ ಮೆಕ್ಯಾನಿಕ್‌ಗಳ ಕೃಪೆಯಿಂದ ಮತ್ತು ಇದನ್ನು ಗುಜರಿಗೆ ಹಾಕಲು ಮನಸ್ಸು ಬಾರದ ಸಾವಿರಾರು ಹವ್ಯಾಸಿಗಳಿಂದ. ಪ್ರತಿವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಜಾವಾ–ಯೆಜ್ಡಿಯವರೆಲ್ಲ ಬೈಕ್ ತಂದು ಸೇರುತ್ತಾರೆ. ಬಿಡಿಭಾಗ ಯಾರ ಬಳಿ ಇದೆ, ಕಂಡೆನ್ಸರ್ ಎಲ್ಲಿ ಒಳ್ಳೆಯದು ಸಿಗುತ್ತದೆ, ಕಾರ್ಬ್ಯುರೇಟರಿನ ಜೆಟ್ ಯಾವ ಅಳತೆಯದ್ದು ಕೂರುತ್ತದೆ ಎಂಬುದೆಲ್ಲ ಅಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಕಂಪನಿ ಸತ್ತಿತು, ವಿದ್ಯೆ ಸಾಯಲಿಲ್ಲ. ಬೇಕು ಎಂಬುದು ಮುಗಿದ ಮೇಲೆ ಪ್ರೀತಿ ಅದನ್ನು ಹಿಡಿದುಕೊಂಡಿತು.

ಟೂ ಸ್ಟ್ರೋಕ್ ಬೈಕನ್ನು ಘಟ್ಟದಲ್ಲಿ ಇಳಿಸುವುದೇ ಒಂದು ಕಲೆ, ಅದನ್ನು ಇಲ್ಲಿ ಹೇಳಲೇಬೇಕು. ಇದರ ಎಂಜಿನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಲೀಟರಿಗೆ ಮೂವತ್ತು ನಲ್ವತ್ತು ಎಂಎಲ್ ಬೆರೆಸಿ ಟ್ಯಾಂಕಿಗೆ ಹೊಯ್ಯುತ್ತಾರೆ. ಜೋಗದಿಂದ ಗೇರುಸೊಪ್ಪೆಗೆ ಇಳಿಯುವ ಮಾಳೆಮನೆ ಘಾಟಿಯಂಥ ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜಾರುತ್ತಾ ಹೋದರೆ ಪೆಟ್ರೋಲು ಹೋಗುವುದು ಕಡಿಮೆಯಾಗಿ, ಅದರೊಟ್ಟಿಗೆ ಎಣ್ಣೆಯೂ ಕಡಿಮೆಯಾಗಿ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಟ್ಟಿಕೊಳ್ಳುವುದು ಇಂಥ ಕಡೆಯಲ್ಲೇ. ತಿಳಿದವರು ನಡುನಡುವೆ ಕ್ಲಚ್ ಹಿಡಿದು ಒಮ್ಮೆ ಆಕ್ಸಿಲರೇಟರ್ ತಿರುವಿ ಎಂಜಿನ್ನಿಗೆ ಎಣ್ಣೆ ಉಣಿಸುತ್ತಾ ಇಳಿಯುತ್ತಾರೆ. ಎಂಜಿನ್ ತಡೆಯುವ ಶಕ್ತಿ ಈ ಬೈಕಿಗೆ ಕಡಿಮೆ, ಬ್ರೇಕಿನ ಮೇಲೇ ಭಾರ. ಒಂದೇ ಸಮನೆ ಬ್ರೇಕ್ ಒತ್ತಿದರೆ ಡ್ರಮ್ ಕಾದು ಹಿಡಿತ ಬಿಡುತ್ತದೆ. ಹೀಗಾಗಿ ವೇಗವನ್ನು ತಿರುವಿನ ಮೊದಲೇ ಕಳೆಯಬೇಕು, ತಿರುವಿನಲ್ಲಿ ಅಲ್ಲ.

ಹೊಸ ಬೈಕುಗಳಿಗೆ ಈ ಕಷ್ಟವಿಲ್ಲ, ಆದರೆ ಮಲೆನಾಡಿನ ರಸ್ತೆ ಹೊಸತಾಗಿಲ್ಲ. ಜೂನ್ ಮಳೆ ಹಿಡಿದರೆ ಸೆಪ್ಟೆಂಬರಿನವರೆಗೆ ಡಾಂಬರಿನ ಅಂಚಿಗೆ ಹಾವಸೆ ಕಟ್ಟುತ್ತದೆ. ಬಿದ್ದ ಬಿದಿರೆಲೆ, ಅಡಿಕೆ ಹಾಳೆ ನೆನೆದು ಸೋಪಿನಂತಾಗುತ್ತದೆ. ಮೊದಲ ಮಳೆಯ ದಿನ ರಸ್ತೆಯ ಎಣ್ಣೆಯೆಲ್ಲ ಮೇಲೆದ್ದಿರುವುದರಿಂದ ಅವತ್ತು ಇಲ್ಲಿನವರು ಬೈಕ್ ಮುಟ್ಟುವುದೇ ಕಡಿಮೆ. ಮಂಜು ಬಿದ್ದ ಬೆಳಗ್ಗೆ ದೊಡ್ಡ ಲೈಟು ಹಾಕಿದರೆ ಬೆಳ್ಳನೆಯ ಗೋಡೆಯೊಂದೇ ಕಾಣುತ್ತದೆ. ಡಿಮ್ ಮಾಡಿ, ರಸ್ತೆಯಂಚು ಹಿಡಿದು, ಹಾರನ್ ಹೊಡೆಯುತ್ತಾ ಹೋಗಬೇಕು. ಬೇರೆ ಊರಿನಿಂದ ಗುಂಪು ಕಟ್ಟಿಕೊಂಡು ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಈ ದಾರಿಯಲ್ಲಿ ನಿಮಗಿಂತ ಚೆನ್ನಾಗಿ ಬೈಕ್ ಓಡಿಸುವ ಹಾಲಿನವನು ನಿಮಗಿಂತ ನಿಧಾನವಾಗಿ ಹೋಗುತ್ತಿರುತ್ತಾನೆ. ಅವನ ಹಿಂದೆ ಸ್ವಲ್ಪ ದೂರ ಹೋಗಿ, ಅವನು ಎಲ್ಲಿ ಬ್ರೇಕ್ ಹಿಡಿಯುತ್ತಾನೆ ನೋಡಿ.

ಕಾಡಿನೊಳಗೆ ಬೈಕ್ ಇಳಿಸುವ ಚಪಲ ಬೇಡವೇ ಬೇಡ. ಹಿನ್ನೀರಿನ ಸುತ್ತಲಿನ ಬಹುಭಾಗ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. 2019ರಲ್ಲಿ ಹಳೆಯ ಅಭಯಾರಣ್ಯವನ್ನು ಹಿಗ್ಗಿಸಿ ಈ ಹೆಸರು ಕೊಟ್ಟರು. ಸಿಂಗಳೀಕ ಮರದಿಂದ ಮರಕ್ಕೆ ಹೋಗುವ ಪ್ರಾಣಿ, ನೆಲಕ್ಕಿಳಿಯುವುದು ಅಪರೂಪ. ಮರದ ನೆತ್ತಿಗಳು ಒಂದಕ್ಕೊಂದು ತಾಗಿರುವ ಕಾಡೇ ಅದಕ್ಕೆ ಬೇಕು. ಅಲ್ಲಿ ನಮ್ಮ ಎಂಜಿನ್ನಿನ ಸದ್ದಿಗೆ ಏನೂ ಕೆಲಸವಿಲ್ಲ.

ನೀರಿನ ಮೇಲಿನ ಆಟ ನೋಡಲು ನಾನು ತಾಳಗುಪ್ಪದ ಕಡೆಯಿಂದ ಹೊನ್ನೆಮರಡುವಿಗೆ ಹೋದೆ. ಎಸ್.ಎಲ್.ಎನ್. ಸ್ವಾಮಿ ಮತ್ತು ನೊಮಿಟೊ ಕಾಮ್ದಾರ್ ದಂಪತಿ ಕಟ್ಟಿದ ‘ದಿ ಅಡ್ವೆಂಚರರ್ಸ್’ ಸಂಸ್ಥೆಯಿಂದಾಗಿ ಹೆಸರಾದ ಊರು ಇದು. ಹಿನ್ನೀರೆಂದರೆ ಮುಳುಗಡೆಯ ನೋವು ಮಾತ್ರ ಎಂದಿದ್ದ ಕಾಲದಲ್ಲಿ, ಈ ನೀರಿನ ಮೇಲೆ ಕಯಾಕ್, ಕನೂ, ಹರಿಗೋಲು ಇಳಿಸಿ, ಮಕ್ಕಳಿಗೆ ನೀರಿನ ಭಯ ಬಿಡಿಸಿದವರು ಇವರು.

ಹರಿಗೋಲು ನಮ್ಮ ಹಳೆಯ ವಾಹನ. ಬಿದಿರಿನ ದಬ್ಬೆಗಳನ್ನು ಅಡ್ಡ ಉದ್ದ ಹೆಣೆದು ದುಂಡಗೆ ಬಗ್ಗಿಸಿ, ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದೆಸಿ, ಸಂದಿಗಳಿಗೆ ಡಾಂಬರು ಬಳಿಯುತ್ತಾರೆ. ಇದಕ್ಕೆ ಮುಂದು ಹಿಂದು ಇಲ್ಲ. ಹೊಸಬರು ಕೂತು ಬದಿಯಲ್ಲಿ ಹುಟ್ಟು ಹಾಕಿದರೆ ಕೂತಲ್ಲೇ ಗಿರಕಿ ಹೊಡೆಯುತ್ತದೆ. ಮೀನುಗಾರನ ಕೈ ನೋಡಿ. ಅವನು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಅಂಚಿನಲ್ಲಿ ಕೂರುತ್ತಾನೆ. ಹುಟ್ಟನ್ನು ತನ್ನ ಎದುರಿಗೇ ನೀರಿಗಿಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಂಟರ ಆಕಾರದಲ್ಲಿ ಬಳಸಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಮೊಣಕೈ ಹೆಚ್ಚು ಅಲುಗುವುದಿಲ್ಲ, ಮಣಿಕಟ್ಟೇ ಕೆಲಸ ಮಾಡುತ್ತದೆ. ಹರಿಗೋಲು ತಿರುಗದೆ ನೇರ ಹೋಗುತ್ತದೆ. ನನಗೆ ಹುಟ್ಟು ಕೊಟ್ಟ ಹಿರಿಯರು, “ನೀರಿಗೆ ಹೊಡಿಬ್ಯಾಡಿ, ನೀರನ್ನ ಕರ್ಕೊಳ್ಳಿ” ಎಂದರು. ಅಷ್ಟಕ್ಕೇ ಗಿರಕಿ ನಿಂತಿತು ಎನ್ನಲಾರೆ, ಆದರೆ ಕೈಗೆ ಅದರ ಅರ್ಥ ತಿಳಿಯಿತು.

ಕಯಾಕ್ ಬೇರೆ ರೀತಿ. ಸಪೂರ ಮೈ, ಎರಡೂ ತುದಿಗೆ ಅಲಗಿರುವ ಹುಟ್ಟು, ಕೂತವರ ಸೊಂಟದ ಸಣ್ಣ ಓಲಾಟಕ್ಕೂ ಅಲುಗುವ ಸ್ವಭಾವ. ಅದನ್ನು ಕಲಿಸುವವರು ಮೊದಲು ಮಗುಚುವುದನ್ನು ಕಲಿಸುತ್ತಾರೆ. ದಡದ ಹತ್ತಿರ ಬೇಕೆಂದೇ ಮಗುಚಿ, ನೀರಿನಡಿಯಿಂದ ಹೊರಬಂದು, ಕಯಾಕನ್ನು ಕೈಬಿಡದೆ ಹಿಡಿದು ತೇಲುವುದು ಬಂದವರಿಗೇ ಮುಂದಿನ ಪಾಠ. ಹೊಳೆಯ ದಡದಲ್ಲಿ ಹುಟ್ಟಿದವರಿಗೆ ಲೈಫ್ ಜಾಕೆಟ್ ಏತಕ್ಕೆ ಎಂಬ ಮಾತು ಈ ಭಾಗದಲ್ಲಿ ಕೇಳಿಬರುತ್ತದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ಹಿನ್ನೀರಿನ ಅಡಿಯಲ್ಲಿ ಕಡಿಯದೆ ಬಿಟ್ಟ ಕಾಡಿದೆ. ಅರುವತ್ತು ವರ್ಷದಿಂದ ನೀರಿನಲ್ಲಿ ನಿಂತ ಮರದ ಕೊರಡುಗಳು ಮಟ್ಟ ಇಳಿದಾಗ ಮೇಲ್ಮೈಯಿಂದ ಗೇಣುದ್ದ ಕೆಳಗಿರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಬೆಳಗ್ಗೆ ಕನ್ನಡಿಯಂತಿರುವ ನೀರಿನಲ್ಲಿ ಮಧ್ಯಾಹ್ನ ಗಾಳಿ ಎದ್ದರೆ, ತಡೆಯಿಲ್ಲದ ಇಷ್ಟು ದೊಡ್ಡ ಬಯಲಿನಲ್ಲಿ ಅಲೆ ಏಳಲು ಹೊತ್ತು ಬೇಡ. ಈಜು ಬಲ್ಲವನಿಗೂ ಕೊರಡು ತಲೆಗೆ ಬಡಿದರೆ ಈಜು ಮರೆತುಹೋಗುತ್ತದೆ. ಬೆಳಗ್ಗೆ ಹೊರಟು ಬಿಸಿಲೇರುವ ಮೊದಲು ದಡ ಸೇರುವುದು ಇಲ್ಲಿನ ಮೀನುಗಾರರ ಪದ್ಧತಿ. ಅದನ್ನು ಅನುಸರಿಸಿದವರು ಕೆಡುವುದಿಲ್ಲ.

ಬೈಕು ದೋಣಿಗಳ ಆಚೆ ಈ ಜನರಿಗಿರುವ ಹುಚ್ಚುಗಳು ಒಂದೆರಡಲ್ಲ. ಮುಂಗಾರಿನ ಮೊದಲ ನೆರೆಗೆ ಮೀನು ಹೊಳೆಯಿಂದ ಗದ್ದೆಯ ಹಳ್ಳಕ್ಕೆ ಏರುತ್ತದೆ, ಹತ್ತುಮೀನು ಎನ್ನುತ್ತಾರೆ. ರಾತ್ರಿಯೆಲ್ಲ ಟಾರ್ಚು, ಕೂಣಿ, ಕತ್ತಿ ಹಿಡಿದು ಓಡಾಡುವ ಆ ಸಂಭ್ರಮ ನನಗೂ ಗೊತ್ತು. ಆದರೆ ಹತ್ತುವ ಮೀನು ಮೊಟ್ಟೆಯಿಡಲು ಹೋಗುತ್ತಿರುವ ಮೀನು. ಈ ಒಂದು ಹವ್ಯಾಸವನ್ನು ಬಿಡುವುದು ಒಳ್ಳೆಯದು. ಮಳೆಗಾಲ ಕಳೆದ ಮೇಲೆ ಗಾಳ ಹಾಕಿ ಕೂರಲು ಇಡೀ ಹಿನ್ನೀರಿದೆ.

ಇನ್ನೊಂದು ಹವ್ಯಾಸ ಅಪ್ಪೆಮಿಡಿಯದು, ಅದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಉಪ್ಪಿನಕಾಯಿಯ ಮಿಡಿಮಾವು ಹೊಳೆದಂಡೆಯನ್ನು ಇಷ್ಟಪಡುವ ಮರ. ಕಣಿವೆ ಮುಳುಗಿದಾಗ ಹೊಳೆದಂಡೆಯೇ ಮುಳುಗಿತು. ಉಳಿದ ಮರಗಳೂ ಮಿಡಿಗಾಗಿ ಕೊಂಬೆ ಕಡಿಯುವವರ ಕೈಗೆ ಸಿಕ್ಕಿ ಸೊರಗಿದವು. ಆಗ ಸಾಗರ ಸುತ್ತಲಿನ ಕೆಲವು ಕೃಷಿಕರು ಬೈಕ್ ಏರಿ ಊರೂರು ಅಲೆದು, ಯಾವ ಹಳ್ಳದ ಬದಿಯ ಯಾವ ಮರದ ಮಿಡಿಗೆ ಜೀರಿಗೆಯ ಪರಿಮಳ, ಯಾವುದರ ಸೊನೆ ಹೆಚ್ಚು, ಯಾವುದು ವರ್ಷಗಟ್ಟಲೆ ಭರಣಿಯಲ್ಲಿ ಮೆತ್ತಗಾಗದೆ ನಿಲ್ಲುತ್ತದೆ ಎಂದು ಪತ್ತೆಮಾಡಿ, ಕಸಿಕಡ್ಡಿ ತಂದು ತಮ್ಮ ತೋಟದ ಅಂಚಿನಲ್ಲಿ ಕಟ್ಟಿದರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ ಇವತ್ತು ಹೆಸರು ಹಿಡಿದು ಕೇಳಿದರೆ ಗಿಡ ಸಿಗುವುದು ಇಂಥವರ ಅಲೆದಾಟದಿಂದ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಬಂದಿದೆ. ಸಂಬಳವಿಲ್ಲದೆ, ಯಾರೂ ಹೇಳದೆ ಮಾಡಿದ ಕೆಲಸ ಅದು.

ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ತೋಟದ ಕೆಲಸ ಮುಗಿಸಿ ನಾಟಕ ಆಡುವ ಹವ್ಯಾಸ 1949ರಲ್ಲಿ ನೀನಾಸಂ ಎಂಬ ರಂಗಸಂಸ್ಥೆಯಾಯಿತು, ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಯಕ್ಷಗಾನದ ಮೇಳಗಳು ತಿರುಗಾಟಕ್ಕೆ ಹೊರಟರೆ ರಾತ್ರಿ ಬೈಕುಗಳು ಸಾಲಾಗಿ ಆಟಕ್ಕೆ ಹೋಗುತ್ತವೆ. ಮಳೆಗಾಲದಲ್ಲಿ ಬಯಲಾಟವಿಲ್ಲದಾಗ ಮನೆ ಜಗಲಿಯಲ್ಲಿ ತಾಳಮದ್ದಲೆ. ಅಡಿಕೆ ಮರ ಹತ್ತುವವರು ಸಿಗದಾದಾಗ ಬಂಟ್ವಾಳ ತಾಲೂಕಿನ ಕೃಷಿಕರೊಬ್ಬರು ಸೀಟು, ಎಂಜಿನ್, ಬ್ರೇಕು ಜೋಡಿಸಿ ಮರವನ್ನೇ ಹತ್ತುವ ಬೈಕ್ ಮಾಡಿದ ಸುದ್ದಿ ಎಲ್ಲರಿಗೂ ಗೊತ್ತಿರುವುದೇ. ಸ್ಪ್ಯಾನರ್ ಹಿಡಿದು ಬಿಡುವಿನಲ್ಲಿ ಏನಾದರೂ ಬಿಚ್ಚಿ ಜೋಡಿಸುವ ಕೈಗಳು ನಮ್ಮ ಅಡಿಕೆ ಸೀಮೆಯ ತುಂಬ ಇವೆ.

ಬೇಸಿಗೆಯಲ್ಲಿ ಬಂದರೆ ಇದೇ ಜಾಗದ ಇನ್ನೊಂದು ಮುಖ ನೋಡಬಹುದು. ಏಪ್ರಿಲ್, ಮೇ ಹೊತ್ತಿಗೆ ನೀರು ಹಿಂದೆ ಸರಿದು, ಲಿಂಗನಮಕ್ಕಿಗಿಂತ ಮೊದಲೇ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಹಳೆಯ ರಸ್ತೆಯ ಕಲ್ಲುಹಾಸು, ಮನೆಯ ಪಾಯ, ಬಾವಿಯ ಕಟ್ಟೆ ಕಾಣುತ್ತವೆ. ಮುಳುಗಡೆಯ ಹಿರಿಯರು ಮೊಮ್ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದು ಇಲ್ಲಿ ನಮ್ಮ ಕೊಟ್ಟಿಗೆ, ಅಲ್ಲಿ ನಮ್ಮ ಕಣ ಎಂದು ತೋರಿಸುತ್ತಾರೆ. ಆ ಒಣ ನೆಲದ ಮೇಲೆ ಬೈಕಿನಲ್ಲಿ ಸುತ್ತು ಹೊಡೆದು ಧೂಳೆಬ್ಬಿಸಿ ವಿಡಿಯೊ ಮಾಡುವವರನ್ನೂ ಕಂಡಿದ್ದೇನೆ. ಅದು ಒಬ್ಬರ ಮನೆಯ ಅಂಗಳ ಎಂದು ತಿಳಿದರೆ ಅವರೂ ಎಂಜಿನ್ ಆರಿಸಿಯಾರು.

ಈಗ ಸೇತುವೆಯಿದೆ. ಸೇತುವೆಯಾಚೆಯ ಕರೂರು ಹೋಬಳಿಯ ಮಕ್ಕಳು ಶಾಲೆ ಕಾಲೇಜಿಗೆ ಬಸ್ಸಿನಲ್ಲೇ ಹೋಗುತ್ತಾರೆ, ಹೋಗಬೇಕಾದದ್ದೂ ಹಾಗೆಯೇ. ಇನ್ನು ಹತ್ತಿಪ್ಪತ್ತು ವರ್ಷಕ್ಕೆ, ನೀರಿನ ದಂಡೆಯಲ್ಲೇ ಮನೆಯಿದ್ದೂ ಹುಟ್ಟು ಹಿಡಿಯಲು ಬಾರದ, ಈಜಲು ಬಾರದ ತಲೆಮಾರೊಂದು ಇಲ್ಲಿ ಬೆಳೆದುಬಿಡುತ್ತದೆ. ಯೆಜ್ಡಿಯನ್ನು ಉಳಿಸಿದಂತೆ ಹರಿಗೋಲನ್ನೂ ಉಳಿಸುವವರು ಬೇಕು. ಇದು ದೊಡ್ಡ ಖರ್ಚಿನ ಕೆಲಸವಲ್ಲ. ಹಿನ್ನೀರ ದಂಡೆಯ ಪ್ರತಿ ಪಂಚಾಯಿತಿ ಒಂದೆರಡು ಹರಿಗೋಲು, ಮಕ್ಕಳ ಅಳತೆಯ ಲೈಫ್ ಜಾಕೆಟ್ ಇಟ್ಟುಕೊಂಡು, ಊರಿನ ಮೀನುಗಾರರಿಗೆ ಗೌರವಧನ ಕೊಟ್ಟು, ನವೆಂಬರಿನಿಂದ ಫೆಬ್ರವರಿಯವರೆಗೆ ಶನಿವಾರ ಬೆಳಗ್ಗೆ ಹೈಸ್ಕೂಲಿನ ಮಕ್ಕಳಿಗೆ ಈಜು ಮತ್ತು ಹುಟ್ಟು ಕಲಿಸಲಿ. ಹೊನ್ನೆಮರಡುವಿನ ಅನುಭವ ಪಕ್ಕದಲ್ಲೇ ಇದೆ, ಕೇಳಿ ಪಡೆಯಬಹುದು. ಹುಟ್ಟಿನ ವಿದ್ಯೆ ಬಲ್ಲ ಹಿರಿಯರು ಇನ್ನೂ ಕಡವಿನಲ್ಲಿ ಸಿಗುತ್ತಾರೆ. ಅವರಿರುವಾಗಲೇ ಈ ಕೆಲಸ ಶುರುವಾಗಬೇಕು.